ರಾಮಥಾಳದ ಕಲ್ಲಿಗೆ ನಾನು ಬರೆದ ಸುಳ್ಳು

ಆ ಕಾಗದದ ಮೇಲಿನ ಅಂಕಿಗಳು ಸುಳ್ಳು. ಕೈತಪ್ಪಿ ಆದದ್ದಲ್ಲ, ಲೆಕ್ಕ ತಪ್ಪಿ ಆದದ್ದಲ್ಲ — ನಿಜವಾದ ಅಂಕಿಗಳನ್ನು ಪಕ್ಕದಲ್ಲಿಟ್ಟುಕೊಂಡು, ಅವನ್ನು ನೋಡುತ್ತಲೇ, ಒಂದೊಂದನ್ನಾಗಿ ಬದಲಿಸಿ ಬರೆದೆ. ಕೆಳಗೆ ರುಜು ಹಾಕಿದೆ. ಹುನಗುಂದದ ಸಂಗಪ್ಪ ಓವರಸೀಯರರು ರಾಮಥಾಳದ ಗುಡ್ಡದಿಂದ ತಂದುಕೊಟ್ಟ ಹಸಿರು ಕಲ್ಲನ್ನು ಪುಣೆಯ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದವನು ನಾನು. ಆ ಕಲ್ಲು ಬೆಂಕಿಯಿಂದ ಹುಟ್ಟಿದ್ದೆಂದು ಕಂಡವನು ನಾನು. ಅದು ಬರಿಯ ಹಳೆಯ ಕೆಸರು ಎಂದು ಬರೆದುಕೊಟ್ಟವನೂ ನಾನೇ.

ಸಂಗಪ್ಪನವರು ನನ್ನ ಅಕ್ಕ ಗೌರವ್ವನ ಗಂಡ. ನಮ್ಮ ಕಡೆ ಅಕ್ಕನ ಗಂಡನನ್ನು ಮಾಮಾ ಎನ್ನುತ್ತೇವೆ. ನಾನೂ ಹಾಗೇ ಕರೆಯುತ್ತಿದ್ದೆ — ಬಾಯಲ್ಲಿ. ಮನಸ್ಸಿನಲ್ಲಿ ಅವರಿಗೆ ಬೇರೆ ಹೆಸರುಗಳಿದ್ದವು. ಅವನ್ನು ಅಚ್ಚಿನಲ್ಲಿ ಬರೆಯಲಾರೆ.

ನಾವಿಬ್ಬರೂ ಒಬ್ಬರನ್ನೊಬ್ಬರು ಕಂಡರೆ ಆಗದವರು. ಮಾಮಾ ಕನ್ನಡ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ ಓದಿ, ರಸ್ತೆ ಕೆಲಸದಲ್ಲಿ ಮೇಸ್ತ್ರಿಯಾಗಿ ಸೇರಿ, ಬಿಸಿಲಿನಲ್ಲಿ ಬೆಂದು ಓವರಸೀಯರ್ ಆದವರು. ಮಾತು ಒರಟು, ನಗೆ ಇನ್ನೂ ಒರಟು. ನಾನು ಬಾಗಲಕೋಟೆಯ ಸಾಲೆ ಮುಗಿಸಿ ಪುಣೆಗೆ ಹೋಗಿ ರಸಾಯನಶಾಸ್ತ್ರ ಓದಿ, ಅಲ್ಲಿಯೇ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ನಿಂತವನು. ರಜೆಗೆ ಊರಿಗೆ ಬಂದಾಗ ನಾಲ್ಕು ಜನ ನನ್ನ ಸುತ್ತ ಕೂಡಬೇಕು, ನಾನು ಹೇಳಬೇಕು, ಅವರು ಕೇಳಬೇಕು — ಅಂಥ ವಯಸ್ಸು.

ಒಮ್ಮೆ ಅಕ್ಕನ ಮನೆಯವರೆಲ್ಲ ಕೂಡಿ ಬಾದಾಮಿಗೆ ಹೋಗಿದ್ದೆವು. ಕೆರೆಯ ದಂಡೆಯಲ್ಲಿ ನಿಂತು ನಾನು, ಎದುರಿನ ಕೆಂಪು ಬಂಡೆ ಭೂಮಿಯ ಒಳಗಿನ ಬೆಂಕಿಯಲ್ಲಿ ಬೆಂದು ಕೆಂಪಾದದ್ದು ಎಂದು ಬೀಗರ ಮುಂದೆ ವಿವರಿಸುತ್ತಿದ್ದೆ. ಓದಿ ಹೇಳಿದ್ದಲ್ಲ, ತೋಚಿದ್ದು ಹೇಳಿದ್ದೆ. ಮಾಮಾ ಬಂಡೆಯ ಒಂದು ಚೂರನ್ನು ಎತ್ತಿಕೊಂಡು, ಎರಡು ಕಲ್ಲುಗಳ ನಡುವೆ ಜಜ್ಜಿ, ಪುಡಿಯನ್ನು ನನ್ನ ಅಂಗೈಗೆ ಸುರಿದರು. ಮರಳು. ಹೊಳೆಯ ದಂಡೆಯಲ್ಲಿ ಸಿಗುವಂಥ ಮರಳು.

"ಇದನ್ನ ಯಾವ ಒಲಿಯಾಗ ಬೇಯಿಸಿದ್ರಪಾ?" ಎಂದರು.

ಬೀಗರೆಲ್ಲ ನಕ್ಕರು. ಅಕ್ಕನೂ ಸೆರಗು ಅಡ್ಡ ಹಿಡಿದು ನಕ್ಕಳು. ಇದು ಸಣ್ಣ ಮಾತು, ಗೊತ್ತು. ಆದರೆ ಸಣ್ಣ ಮಾತುಗಳನ್ನು ನಾನು ಮರೆಯುವವನಲ್ಲ.

ಆಮೇಲೆ ಪ್ಲೇಗು ಬಂತು. ಅಪ್ಪ ಮೊದಲೇ ತೀರಿಹೋಗಿದ್ದ. ಬಾಗಲಕೋಟೆಯಲ್ಲಿ ಇಲಿಗಳು ಬಿದ್ದು ಸಾಯತೊಡಗಿದಾಗ ಅವ್ವ ಗಂಟು ಕಟ್ಟಿಕೊಂಡು, ಚಕ್ಕಡಿ ಹತ್ತಿ, ಹುನಗುಂದದ ಮಗಳ ಮನೆಗೆ ಹೊರಟಳು. ಮನೆಯಲ್ಲಿ ಅಕ್ಕ ಬಾಣಂತಿ. ಕೂಸಿಗೆ ತಿಂಗಳು ತುಂಬಿರಲಿಲ್ಲ. ಮಾಮಾ ಊರ ಹೊರಗೇ ಚಕ್ಕಡಿಯನ್ನು ತಡೆದು, ಹೊಲದಲ್ಲಿ ಒಂದು ಜೋಪಡಿ ಹಾಕಿಸಿ, ಅವ್ವನನ್ನು ಅಲ್ಲಿ ಇಳಿಸಿದರು. ಅವ್ವ ಅಲ್ಲಿಯೇ ಸತ್ತಳು. ಮಗಳ ಮುಖ ನೋಡಲಿಲ್ಲ, ಮೊಮ್ಮಗನ ಮುಖ ನೋಡಲಿಲ್ಲ. ನಾನು ಪುಣೆಯಿಂದ ಬರುವಷ್ಟರಲ್ಲಿ ಮಣ್ಣಾಗಿತ್ತು.

ಅಂದಿನಿಂದ ನನ್ನ ದ್ವೇಷಕ್ಕೆ ಒಂದು ಗೌರವದ ಅಂಗಿ ಸಿಕ್ಕಿತು. ಮೊದಲು ಅದನ್ನು ಮುಚ್ಚಿಡಬೇಕಾಗಿತ್ತು. ಈಗ ಎಲ್ಲರ ಎದುರಿಗೆ ತೊಡಬಹುದಾಗಿತ್ತು. ನನ್ನ ಹೆತ್ತ ತಾಯಿಯನ್ನು ಹೊಲದಲ್ಲಿ ಸಾಯಲು ಬಿಟ್ಟವ — ಎಂದು ಪುಣೆಯ ಗೆಳೆಯರಿಗೂ ಹೇಳಿದೆ. ಮೂರು ವರ್ಷ ಹುನಗುಂದದ ಕಡೆ ಹಾಯಲಿಲ್ಲ.

ಈ ಮೂರು ವರ್ಷಗಳಲ್ಲಿಯೇ ರಾಮಥಾಳದ ಹತ್ತಿರ ರಸ್ತೆಗಾಗಿ ಗುಡ್ಡದ ಒಂದು ಮಗ್ಗುಲನ್ನು ಕಡಿದದ್ದು. ಅಲ್ಲಿ ಏನಾಯಿತೆಂಬುದನ್ನು ನಾನು ಆಮೇಲೆ ಕೇಳಿ ತಿಳಿದದ್ದು. ಕಲ್ಲು ಒಡೆಯುವವರ ಮುಖ್ಯಸ್ಥ ಇಳಕಲ್ಲಿನ ಇಮಾಮಸಾಬ. ತಲೆಮಾರುಗಳಿಂದ ಇಳಕಲ್ಲಿನ ಗುಲಾಬಿ ಬಣ್ಣದ ಕಲ್ಲನ್ನು ಕಡಿಯುತ್ತ ಬಂದ ಮನೆತನ. ಅವನು ಎರಡು ದಿನ ಉಳಿ ಹೊಡೆದು, ಈ ಕಲ್ಲು ತನ್ನ ಕೈಗೆ ಹೊಸದು, ಇದರ ಸೀಳು ಬೇರೆ, ದನಿ ಬೇರೆ ಎಂದು ಮಾಮಾನನ್ನು ಕರೆಸಿದ.

ಕಡಿದ ಮುಖದಲ್ಲಿ ಕಂಡದ್ದು ಇಷ್ಟು. ಹಸಿರುಗಪ್ಪು ಬಣ್ಣದ ಗುಂಡು ಗುಂಡು ಕಲ್ಲುಗಳು, ಜೋಳ ತುಂಬಿದ ಚೀಲಗಳನ್ನು ಒಂದರ ಮೇಲೊಂದು ಒಟ್ಟಿದ ಹಾಗೆ. ಒಂದೊಂದಕ್ಕೂ ಸುತ್ತ ಬೆರಳುದಪ್ಪ ತೊಗಲು — ಒಳಗಿನದಕ್ಕಿಂತ ನುಣುಪು, ಹೆಚ್ಚು ಕಪ್ಪು. ತೊಗಲಿನ ಒಳಬದಿಯಲ್ಲಿ ಸಾಸಿವೆಯಷ್ಟು ಗುಳಿಗಳು, ಅವುಗಳಲ್ಲಿ ಬಿಳಿ ತುಂಬಿಕೊಂಡಿದೆ. ಪ್ರತಿಯೊಂದು ಕಲ್ಲಿನ ಬೆನ್ನು ಉಬ್ಬಿದೆ, ಹೊಟ್ಟೆ ಮಾತ್ರ ಕೆಳಗಿನ ಎರಡು ಕಲ್ಲುಗಳ ಸಂದಿಗೆ ಇಳಿದು ಚೂಪಾಗಿದೆ. ಇವುಗಳ ಕೆಳಗೆ ಉಗುರಿಗೆ ಸಿಗುವಷ್ಟು ಮೆತ್ತಗಿನ, ಸಬಕಾರದ ಹಾಗೆ ಜಾರುವ ಹಸಿರು ಕಲ್ಲು. ಮೇಲೆ ಕೆಂಪು-ಕಪ್ಪು ಪಟ್ಟೆ ಪಟ್ಟೆಯ ಗಡಸು ಕಲ್ಲು.

ಮಾಮಾ ಇದನ್ನು ವಾರಗಟ್ಟಲೆ ನೋಡಿದರಂತೆ. ಉತ್ತರ ಸಿಕ್ಕದ್ದು ಅಡಿಗೆಮನೆಯಲ್ಲಿ. ಅಕ್ಕ ಉಂಡಿ ಕಟ್ಟಲೆಂದು ಬೆಲ್ಲದ ಪಾಕ ಇಟ್ಟಿದ್ದಳು. ಹದ ಬಂದಿದೆಯೇ ನೋಡಲು ಒಂದು ಹನಿಯನ್ನು ತಣ್ಣೀರಿನ ಬಟ್ಟಲಿಗೆ ಬಿಟ್ಟಳು. ಹನಿ ಗುಂಡಗಾಗಿ, ಮೇಲೆ ತೊಗಲು ಕಟ್ಟಿ, ಒಳಗೆ ಇನ್ನೂ ಮೆತ್ತಗೇ ಉಳಿಯಿತು. ಉಣ್ಣುತ್ತ ಕೂತಿದ್ದ ಮಾಮಾ ಕೈತೊಳೆಯದೆ ಎದ್ದು ಬಂದು, ಇನ್ನೊಂದು ಬಿಡು, ಮತ್ತೊಂದು ಬಿಡು ಎಂದು ಇಡೀ ಪಾಕವನ್ನು ನೀರಿಗೆ ಬಿಡಿಸಿದರು. ಹನಿಗಳು ಒಂದರ ಮೇಲೊಂದು ಕೂತು, ಮೇಲಿನದರ ಹೊಟ್ಟೆ ಕೆಳಗಿನ ಎರಡರ ಸಂದಿಗೆ ಜೋತಿತು. ಅಕ್ಕ ಬೆಲ್ಲ ಹಾಳಾಯಿತೆಂದು ಬೈದಳು. ಮಾಮಾ ಕೇಳಿಸಿಕೊಳ್ಳಲಿಲ್ಲ.

ಭೂಮಿ ಕರಗಿಸಿದ ಕಲ್ಲು ನೀರಿನ ತಳದಲ್ಲಿ ಹೀಗೆ ಉಕ್ಕಿ, ತೊಗಲು ಕಟ್ಟಿ, ಒಡೆದು, ಮತ್ತೆ ಉಕ್ಕಿ ಈ ಗುಡ್ಡವಾಯಿತು. ಹುನಗುಂದ ಒಂದು ಕಾಲಕ್ಕೆ ಸಮುದ್ರದ ತಳವಾಗಿತ್ತು. ಮುಲ್ಕಿ ಪಾಸಾದ ಮನುಷ್ಯ ಇಷ್ಟನ್ನು ಬೆಲ್ಲದ ಪಾಕದಿಂದ ಕಂಡುಕೊಂಡಿದ್ದ. ಆ ಕಾಲಕ್ಕೆ ನಮ್ಮ ಕಡೆಯ ಆ ಕಲ್ಲಿನ ಬಗ್ಗೆ ಅಷ್ಟು ಸ್ಪಷ್ಟವಾಗಿ ಹೇಳಿದವರು ಬೇರೆ ಯಾರಾದರೂ ಇದ್ದರೋ ಇಲ್ಲವೋ — ನನಗೆ ತಿಳಿದಂತೆ ಇಲ್ಲ.

ಆ ಚಳಿಗಾಲದಲ್ಲಿ ಭೂಗರ್ಭ ಇಲಾಖೆಯ ಒಬ್ಬ ಸಾಹೇಬರು ಹುನಗುಂದದಲ್ಲಿ ಡೇರೆ ಹಾಕಿದ್ದರು. ಮಾಮಾ ಅವರನ್ನು ಗುಡ್ಡಕ್ಕೆ ಕರೆದೊಯ್ದರು. ಸಾಹೇಬರು ಒಪ್ಪಲಿಲ್ಲ. ಇದು ಬಹಳ ಹಳೆಯ ಕೆಸರು, ಒತ್ತಡಕ್ಕೂ ಕಾವಿಗೂ ಸಿಕ್ಕು ಗಟ್ಟಿಯಾದದ್ದು. ಗುಂಡು ಆಕಾರ ಗಾಳಿ ಮಳೆಗೆ ಸವೆದು ಬಂದಿರಬಹುದು ಎಂದರು. ಆದರೆ ನ್ಯಾಯದ ಮನುಷ್ಯ. ಆಕಾರವನ್ನು ನಂಬಲಾರೆ, ರಾಸಾಯನಿಕ ಪರೀಕ್ಷೆ ಮಾಡಿಸು. ಇದರ ಘಟಕಗಳು ವಿಜಾಪುರದ ಕಡೆಯ ಕರಿಗಲ್ಲಿನ ಹಾಗೆ ಬಂದರೆ ಬೆಂಕಿಯ ಕಲ್ಲೆಂದು ನಾನೇ ಬರೆಯುತ್ತೇನೆ, ನಿನ್ನ ಹೆಸರು ಹಾಕಿ ಬರೆಯುತ್ತೇನೆ ಎಂದರು. ಕರಿಗಲ್ಲು ಲಾವಾ ಎಂಬುದರಲ್ಲಿ ಆಗಲೇ ಯಾರಿಗೂ ಅನುಮಾನವಿರಲಿಲ್ಲ. ಅಲ್ಲಿಯವರೆಗೆ ಆ ಮುಖವನ್ನು ಒಡೆಯಬೇಡಿ ಎಂದು ಇಂಜಿನಿಯರರಿಗೂ ಚೀಟಿ ಕೊಟ್ಟುಹೋದರು.

ಕಲ್ಲಿನ ಪರೀಕ್ಷೆ ಮಾಡಬಲ್ಲವರು ಮಾಮಾನಿಗೆ ಗೊತ್ತಿದ್ದದ್ದು ಒಬ್ಬನೇ.

ಅವರು ಪುಣೆಗೆ ಬಂದ ದಿನ ಚೆನ್ನಾಗಿ ನೆನಪಿದೆ. ಹೆಗಲ ಮೇಲೆ ಗೋಣಿಚೀಲ, ರೈಲಿನ ಹೊಗೆಗೆ ಕಪ್ಪಾದ ಧೋತರ. ನಾನು ಕೂಡಿರಿ ಎನ್ನಲಿಲ್ಲ. ಅವರೂ ಕೂಡುವ ಮನಸ್ಸು ಮಾಡಲಿಲ್ಲ. ಚೀಲವನ್ನು ಮೇಜಿನ ಪಕ್ಕಕ್ಕಿಳಿಸಿ, ವಿಷಯವನ್ನೆಲ್ಲ ನಿಂತೇ ಹೇಳಿದರು. ಸಾಹೇಬರ ಮಾತು, ಬೆಲ್ಲದ ಪಾಕ, ಎಲ್ಲ. ನಾನು ಅವ್ವನ ಹೆಸರು ಎತ್ತಿದೆ. ಮಗಳ ಮನೆಯ ಬಾಗಿಲು ಅವಳಿಗೆ ಮುಚ್ಚಿದವರು ಈಗ ಮಗನ ಬಾಗಿಲಿಗೆ ಬಂದಿರಲ್ಲ ಎಂದೆ. ಅವರ ಮುಖ ಕೆಂಪಾಯಿತು.

"ನಿನ್ನ ಕಡೆ ಬರೂದು ನನಗ ಸೇರಿದ್ದಲ್ಲ, ಮಾಲಿಂಗ," ಎಂದರು. "ನೀ ನನ್ನ ವೈರಿ. ಆದ್ರ ನಿನ್ನ ತಕ್ಕಡಿ ನನ್ನ ವೈರಿ ಅಲ್ಲ. ಅದು ಏನ ಹೇಳತೈತಿ ಅದನ್ನ ಬರದು ಕೊಡು. ನನ್ನ ಮಾತು ತಪ್ಪಂದ್ರ ತಪ್ಪು ಅಂತ ಬರಿ. ನಾ ಒಪ್ಪಿಕೋತೇನಿ."

ಅಷ್ಟೇ ಹೇಳಿ, ನೀರನ್ನೂ ಕುಡಿಯದೆ ಸ್ಟೇಷನ್ನಿಗೆ ಹೋದರು.

ವೈರಿಯನ್ನು ನಂಬುವುದು ಸುಲಭವಲ್ಲ. ಅವರು ನನ್ನನ್ನು ನಂಬಲಿಲ್ಲ, ನನ್ನ ವಿದ್ಯೆಯನ್ನು ನಂಬಿದರು — ನಾನು ನನ್ನ ವಿದ್ಯೆಯನ್ನು ನಂಬುತ್ತಿದ್ದುದಕ್ಕಿಂತ ಹೆಚ್ಚಾಗಿ.

ಪರೀಕ್ಷೆಗೆ ಸುಮಾರು ಎರಡು ತಿಂಗಳು ಹಿಡಿಯಿತು. ಕಾಲೇಜಿನ ಕೆಲಸ ಮುಗಿದ ಮೇಲೆ, ಸಂಜೆಯ ಬೆಳಕು ಇರುವಷ್ಟು ಹೊತ್ತು. ಕಲ್ಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ಸೋಡಾ ಬೆರೆಸಿ, ಪ್ಲಾಟಿನಂ ಮೂಸೆಯಲ್ಲಿ ಕರಗಿಸಿದೆ. ಆಮ್ಲದಲ್ಲಿ ಬಿಡಿಸಿ, ಒಣಗಿಸಿ, ಸೋಸಿ, ಸುಟ್ಟು, ಮೊದಲು ಸಿಲಿಕಾ ತೂಗಿದೆ. ಆಮೇಲೆ ಕಬ್ಬಿಣ, ಅಲ್ಯುಮಿನಾ, ಸುಣ್ಣ, ಮೆಗ್ನೀಷಿಯಾ. ಸೋಡಿಯಂ ಮಾತ್ರ ಸೋಡಾ ಬೆರೆಸದ ಬೇರೆ ಪುಡಿಯಿಂದ. ಹೋಲಿಸಿ ನೋಡಲು ವಿಜಾಪುರದ್ದರ ಜಾತಿಯದೇ ಆದ ಪುಣೆಯ ಗುಡ್ಡದ ಕರಿಗಲ್ಲನ್ನೂ ಅದೇ ರೀತಿ ಬಿಡಿಸಿದೆ. ದ್ವೇಷವಿದ್ದರೂ ಕೈ ಮಾತ್ರ ಪ್ರಾಮಾಣಿಕವಾಗಿ ದುಡಿಯಿತು. ಮಾಮಾನ ಮಾತು ತಪ್ಪಲಿ ಎಂಬ ಆಸೆ ಎಷ್ಟಿತ್ತೆಂದರೆ — ತಪ್ಪುವುದನ್ನು ಸರಿಯಾಗಿ ಕಾಣಬೇಕು ಎಂದೇ ಅಷ್ಟು ಜಾಗರೂಕನಾಗಿದ್ದೆ.

ತಪ್ಪಲಿಲ್ಲ. ಕೆಸರಿನಿಂದಾದ ಕಲ್ಲಿನಲ್ಲಿ ಸಿಲಿಕಾ ಹೆಚ್ಚಿರಬೇಕು. ಸುಣ್ಣ, ಮೆಗ್ನೀಷಿಯಾ ಕಡಿಮೆ ಇರಬೇಕು. ಇಲ್ಲಿ ಸಿಲಿಕಾ ಅರ್ಧದ ಆಸುಪಾಸು, ಕರಿಗಲ್ಲಿನಲ್ಲಿದ್ದಷ್ಟೇ. ಉಳಿದವೂ ಹಾಗೆಯೇ, ಒಡಹುಟ್ಟಿದವರ ಮುಖದ ಹಾಗೆ ಹೋಲುತ್ತಿದ್ದವು. ಅದರ ಕೆಳಗಿನ ಮೆತ್ತಗಿನ ಕಲ್ಲಿನಲ್ಲಂತೂ ಅಲ್ಯುಮಿನಾ ಹೆಸರಿಗಷ್ಟೇ. ಮೆಗ್ನೀಷಿಯಾ ತುಂಬಿ ತುಳುಕುತ್ತಿತ್ತು. ಅಂಥ ಕಲ್ಲನ್ನು ಯಾವ ಹೊಳೆಯ ಕೆಸರೂ ಕೊಡಲಾರದು. ಭೂಮಿಯ ಆಳದಿಂದಲೇ ಬರಬೇಕು. ಒಂದೇ ಒಂದು ವ್ಯತ್ಯಾಸ: ಗುಂಡು ಕಲ್ಲುಗಳಲ್ಲಿ ಸೋಡಿಯಂ ಕರಿಗಲ್ಲಿಗಿಂತ ತುಸು ಹೆಚ್ಚಿತ್ತು. ಅದೇಕೆಂದು ಆಗ ತಿಳಿಯಲಿಲ್ಲ. ಬಿಸಿ ಲಾವಾ ಸಮುದ್ರದ ನೀರಿನೊಡನೆ ಬೆರೆತದ್ದರ ಗುರುತು ಅದು ಎಂದು ಬಹಳ ವರ್ಷಗಳ ಮೇಲೆ ಓದಿದೆ. ಮಾಮಾ ಹೇಳಿದ ಸಮುದ್ರ ನನ್ನ ಮೂಸೆಯಲ್ಲಿ ಉಳಿದಿತ್ತು.

ಕೊನೆಯ ತೂಕ ಮುಗಿದ ದಿನ ನನಗೆ ಅನಿಸಿದ್ದೇನು? ನಾನು ಪ್ರತಿಸಲವೂ ಇಲ್ಲಿಯೇ ತೊದಲುತ್ತೇನೆ. ಅವ್ವನ ನೆನಪಾಯಿತು, ಅವಳ ಸಾವಿನ ಸಿಟ್ಟು ಬಂತು ಎಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ಅದು ಸುಳ್ಳು. ಅವ್ವ ನೆನಪಾಗಲಿಲ್ಲ. ಬಾದಾಮಿಯ ಕೆರೆಯ ದಂಡೆಯಲ್ಲಿ ಬೀಗರು ನಕ್ಕದ್ದು ನೆನಪಾಯಿತು. ಸಾಹೇಬರ ಪುಸ್ತಕದಲ್ಲಿ ಸಂಗಪ್ಪ ಓವರಸೀಯರರ ಹೆಸರು ಅಚ್ಚಾಗುತ್ತದೆ, ನಾನು ಬರೀ ತೂಕ ಮಾಡಿಕೊಟ್ಟವನಾಗುತ್ತೇನೆ — ಇಷ್ಟೇ ಅನಿಸಿತು. ಬೇರೇನೂ ಅಲ್ಲ.

ಮರುದಿನ ರವಿವಾರ. ಬೆಳಗಿನ ಹೊತ್ತು ಸ್ವಚ್ಛ ಬೆಳಕಿನಲ್ಲಿ ಕೂತು ಬರೆದೆ. ಸಿಲಿಕಾವನ್ನು ಏರಿಸಿದೆ. ಸುಣ್ಣವನ್ನೂ ಮೆಗ್ನೀಷಿಯಾವನ್ನೂ ಇಳಿಸಿದೆ. ಮೆತ್ತಗಿನ ಕಲ್ಲಿಗೆ ಇಲ್ಲದ ಅಲ್ಯುಮಿನಾವನ್ನು ಕೊಟ್ಟೆ. ನಿಜವಾದ ಪರೀಕ್ಷೆಯಲ್ಲಿ ಎಲ್ಲ ಕೂಡಿಸಿದರೆ ಸರಿಯಾಗಿ ನೂರು ಬರುವುದಿಲ್ಲ, ತುಸು ಹೆಚ್ಚೋ ಕಡಿಮೆಯೋ ಆಗುತ್ತದೆ. ಅದನ್ನೂ ಮರೆಯದೆ ನೂರಕ್ಕೆ ತುಸು ಕಡಿಮೆ ಇಟ್ಟೆ. ಸುಳ್ಳಿಗೆ ಇಷ್ಟು ಶ್ರದ್ಧೆ! ಕೆಳಗೆ, 'ಈ ಕಲ್ಲು ಕೆಸರಿನ ಮೂಲದ್ದು' ಎಂದು ಒಂದು ಸಾಲು ಬರೆದು ರುಜು ಹಾಕಿ, ಅಂಚೆಗೆ ಹಾಕಿದೆ.

ಮಾಮಾ ಆ ಕಾಗದವನ್ನು ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ. ತಾವೇ ಅದನ್ನು ಸಾಹೇಬರಿಗೆ ಕಳಿಸಿ, ನಾನು ಹೇಳಿದ್ದು ತಪ್ಪಾಯಿತು ಎಂದು ಜೊತೆಗೆ ಬರೆದರು. ಸಾಹೇಬರಿಂದ ಎರಡು ಸಾಲಿನ ಉತ್ತರ ಬಂತು: ನನ್ನ ಅಭಿಪ್ರಾಯ ಸರಿಯಾಯಿತು, ಶ್ರಮಕ್ಕೆ ಉಪಕಾರ. ಇಂಜಿನಿಯರರ ಕಚೇರಿಯಿಂದ ಗುಡ್ಡ ಒಡೆಯಲು ಹುಕುಂ ಬಂತು. ಒಡೆಸುವ ಕೆಲಸ ಮಾಮಾನದೇ. ತಾವು ತಿಂಗಳುಗಟ್ಟಲೆ ಕಾಯ್ದ ಆ ಮುಖವನ್ನು ತಾವೇ ನಿಂತು ಜಲ್ಲಿ ಮಾಡಿಸಿದರು. ಇಮಾಮಸಾಬ ಒಲ್ಲೆನೆಂದನಂತೆ. ಕಾಗದ ಏನೇ ಹೇಳಲಿ, ಇದು ಕೆಸರಲ್ಲ, ತನ್ನ ಕೈಗೆ ತಿಳಿಯುತ್ತದೆ ಎಂದನಂತೆ. ಅದಕ್ಕೆ ಮಾಮಾ, ತೂಕ ಮಾಡಿ ನೋಡಿದ ಮೇಲೂ ಹಟ ಹಿಡಿಯುವುದು ಹೆಡ್ಡತನ ಎಂದು ಅವನನ್ನು ಎಲ್ಲರ ಎದುರಿಗೆ ಗದರಿಸಿದರು. ನನ್ನ ಸುಳ್ಳಿನ ಪರವಾಗಿ ಅವರೇ ಜಗಳಾಡಿದರು.

ಆಮೇಲೆ ಅವರು ಕಲ್ಲು ನೋಡುವುದನ್ನು ಬಿಟ್ಟರು. ಮನೆಯ ಪಡಸಾಲೆಯಲ್ಲಿ ಸಾಲಾಗಿ ಇಟ್ಟಿದ್ದವನ್ನು ಒಯ್ದು ಹಳ್ಳಕ್ಕೆ ಸುರಿದರು. ಯಾರಾದರೂ ಕಲ್ಲು ತಂದು ಕೇಳಿದರೆ, ನನಗೇನು ತಿಳಿಯುತ್ತದೆ, ಪುಣೆಯವನನ್ನು ಕೇಳಿರಿ ಎನ್ನುತ್ತಿದ್ದರು. ಅಕ್ಕ ಇದನ್ನೆಲ್ಲ ಪತ್ರದಲ್ಲಿ ಬರೆದಿದ್ದಳು — ಮನುಷ್ಯ ಮೊದಲಿನ ಹಾಗಿಲ್ಲ ಎಂದು. ಆ ಪತ್ರವನ್ನು ನಾನು ಎರಡು ಸಲ ಓದಿದೆ. ದುಃಖಕ್ಕಲ್ಲ. ರುಚಿಗೆ.

ವರ್ಷಗಳು ಕಳೆದವು. ಕಾಲೇಜಿನ ಗ್ರಂಥಾಲಯಕ್ಕೆ ಹೊರದೇಶದ ವಿಜ್ಞಾನ ಪತ್ರಿಕೆಗಳು ಬರುತ್ತಿದ್ದವು. ಒಂದು ದಿನ, ಬೇರೇನೋ ಹುಡುಕುತ್ತಿದ್ದವನಿಗೆ ಒಂದು ಚಿತ್ರ ಕಣ್ಣಿಗೆ ಬಿತ್ತು: ಚೀಲಗಳನ್ನು ಒಟ್ಟಿದ ಹಾಗೆ ಗುಂಡು ಕಲ್ಲುಗಳು, ಹೊಟ್ಟೆ ಚೂಪು, ಸುತ್ತ ತೊಗಲು. ಸಮುದ್ರದ ತಳದಲ್ಲಿ ಉಕ್ಕಿದ ಲಾವಾ ಎಂದು ಕೆಳಗೆ ಬರೆದಿತ್ತು. ಸಬಕಾರದಂಥ ಹಸಿರು ಕಲ್ಲು, ಈ ಗುಂಡು ಲಾವಾ, ಮೇಲೆ ಗಡಸು ಪಟ್ಟೆಯ ಕಲ್ಲು — ಇಂಥ ಮೂರು ಕಲ್ಲುಗಳು ಯುರೋಪಿನ ಪರ್ವತಗಳಲ್ಲಿಯೂ ಕೂಡಿಯೇ ಸಿಗುತ್ತವೆ, ಅವು ಒಂದೇ ಕುಟುಂಬದವು ಎಂದು ಪಂಡಿತರು ವಾದಿಸಿದ್ದರು. ಮೂರೂ ಕೂಡಿದ್ದನ್ನು ಮಾಮಾ ಒಂದು ಗೋಣಿಚೀಲದಲ್ಲಿ ತಂದು ನನ್ನ ಮೇಜಿನ ಪಕ್ಕಕ್ಕಿಳಿಸಿದ್ದರು. ನಾನು ಪುಸ್ತಕವನ್ನು ಕಪಾಟಿಗಿಟ್ಟು ಮನೆಗೆ ಹೋದೆ. ಯಾರಿಗೂ ಹೇಳಲಿಲ್ಲ.

ಇಷ್ಟೇ ಆಗಿದ್ದರೆ ಒಂದು ಪಾಪ ಎನ್ನುತ್ತಿದ್ದೆ. ಎರಡು ಮಾಡಿದ್ದೇನೆ.

ಅಕ್ಕನ ಹಿರಿಯ ಮಗನ ಮದುವೆಗೆ ಹುನಗುಂದಕ್ಕೆ ಹೋಗಲೇಬೇಕಾಯಿತು. ಮಾಮಾನಿಗೆ ಆಗಲೇ ಪೆನ್ಶನ್ ಆಗಿತ್ತು. ಗಲ್ಲ ಇಳಿದಿದ್ದವು, ಆ ಒರಟು ನಗೆ ಹೋಗಿತ್ತು. ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ಹೊರಡುವ ದಿನ ಮಧ್ಯಾಹ್ನ, ಚಪ್ಪರದ ಕೆಳಗೆ ಯಾರೂ ಇಲ್ಲದ್ದನ್ನು ನೋಡಿ, ಹತ್ತಿರ ಬಂದು ಕೂತರು.

"ಒಂದ ಮಾತು ಕೇಳತೇನಿ. ಆ ತೂಕದಾಗ ಏನರ ಹೆಚ್ಚು ಕಮ್ಮಿ ಆಗಿತ್ತೇನು?" ಎಂದರು. "ಆಗತಾವ, ಮನಶ್ಯಾನ ಕೈ. ಆಗಿದ್ರ ಹೇಳು. ನಾ ಏನೂ ಅನ್ನೂದಿಲ್ಲ."

ಅವರು ನನ್ನ ಕಡೆ ನೋಡುತ್ತಿದ್ದರು. ಅವರ ದನಿಯಲ್ಲಿ ವೈರ ಇರಲಿಲ್ಲ. ಅದೇ ನನಗೆ ತಡೆಯದಾಯಿತು. ಅವರು ಬೈದಿದ್ದರೆ ಬಹುಶಃ ಹೇಳಿಬಿಡುತ್ತಿದ್ದೆನೋ ಏನೋ... ಇಲ್ಲ. ಇದೂ ನೆಪವೇ. ಹೇಳುತ್ತಿರಲಿಲ್ಲ.

"ಇಲ್ಲರಿ ಮಾಮಾ," ಎಂದೆ. "ತೂಕ ಬರೋಬರಿ ಇತ್ತು."

ತಲೆ ಆಡಿಸಿದರು. "ಹಂಗಾದ್ರ ನನ್ನ ಕಣ್ಣ ಸುಳ್ಳು," ಎಂದು ಎದ್ದು ಒಳಗೆ ಹೋದರು.

ಅದು ನಮ್ಮ ಕೊನೆಯ ಮಾತು. ಕಳೆದ ವರ್ಷ ಅವರು ತೀರಿಕೊಂಡರು. ನಾನು ಮಣ್ಣಿಗೆ ಹೋಗಲಿಲ್ಲ. ಹದಿನೈದು ದಿನ ಬಿಟ್ಟು ಹೋದೆ. ಕೈಯಲ್ಲಿ ಆ ಪರೀಕ್ಷೆಯ ಹಳೆಯ ವಹಿ ಇತ್ತು, ನಿಜವಾದ ಅಂಕಿಗಳಿದ್ದದ್ದು. ಅಕ್ಕ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ನಾನು ಎಲ್ಲವನ್ನೂ ಹೇಳಿದೆ — ಗೋಣಿಚೀಲ, ರವಿವಾರ, ಚಪ್ಪರ. ಕೊನೆಗೆ, ಅವ್ವ ಆ ಜೋಪಡಿಯಲ್ಲಿ ಸತ್ತದ್ದನ್ನು ನಾನು ಮರೆಯಲಾರದೆ ಹೋದೆ, ಆ ಸಿಟ್ಟಿನಲ್ಲಿ ಹೀಗಾಯಿತು ಎಂದೆ. ಅಲ್ಲಿಯೂ, ಆಗಲೂ, ಹಾಗೆಂದೆ.

ಅಕ್ಕ ನೆಟ್ಟಗೆ ಕೂತಳು.

"ಅವ್ವನ ಹೆಸರು ನಡುವ ತರಬ್ಯಾಡ," ಎಂದಳು. "ಆ ಜೋಪಡಿ ಮುಂದ ಒಂಬತ್ತ ದಿನ ಕೂತವರು ಯಾರು? ಅಕಿ ಬಾಯಾಗ ನೀರ ಹಾಕಿದವರು ಯಾರು? ಊರಾಗ ಒಬ್ಬ ಹೆಗಲ ಕೊಡಲಿಲ್ಲ. ಇವರು ಒಬ್ಬರ ಹೊತ್ತು ಮಣ್ಣ ಮಾಡಿ ಬಂದ್ರು. ನಿನಗಿದು ಗೊತ್ತಿಲ್ಲೇನು?"

ಗೊತ್ತಿತ್ತು. ಪುಣೆಯಿಂದ ಬಂದ ದಿನವೇ ಗೊತ್ತಾಗಿತ್ತು. ಚಕ್ಕಡಿಯವನೇ ಹೇಳಿದ್ದ. ಮಾಮಾ ಜೋಪಡಿಯ ಬಾಗಿಲಲ್ಲಿಯೇ ಉಂಡು, ಅಲ್ಲಿಯೇ ಮಲಗಿ, ಅವ್ವ ಹೋದ ಮೇಲೂ ಇನ್ನೂ ಮನೆಯೊಳಗೆ ಕಾಲಿಟ್ಟಿರಲಿಲ್ಲ, ಕೂಸಿಗೆ ತಗಲೀತೆಂದು. ನಾನು ಇದನ್ನು ಪುಣೆಯ ಗೆಳೆಯರಿಗೆ ಹೇಳಲಿಲ್ಲ. ಈ ಬರಹದ ಮೊದಲಿನ ಪುಟದಲ್ಲಿ ನಿಮಗೂ ಹೇಳಲಿಲ್ಲ. ಅಲ್ಲಿ ಬರೆಯುವಾಗ ಕೈ ತಾನಾಗಿಯೇ ಅದನ್ನು ದಾಟಿಹೋಯಿತು. ಓದಿ ನೋಡಿದಾಗ ತಿಳಿಯಿತು. ತಿದ್ದದೆ ಹಾಗೆಯೇ ಬಿಟ್ಟಿದ್ದೇನೆ. ನನ್ನಂಥವನ ಬರಹವನ್ನು ಎಷ್ಟು ನಂಬಬೇಕೆಂಬುದು ನಿಮಗೂ ಗೊತ್ತಿರಲಿ.

ನಾನು ವಹಿಯನ್ನು ಅವಳ ಮುಂದೆ ಇಡಹೋದೆ. ಅವಳು ಮುಟ್ಟಲಿಲ್ಲ.

"ಇದನ್ನ ಕೇಳಬೇಕಾದವರು ಹೋದ್ರು," ಎಂದಳು. "ತಾವ ತಪ್ಪು ಅಂತ ತಿಳಕೊಂಡು ಸತ್ತರು. ನೀ ಈಗ ನನ್ನ ಅಂಗಳದಾಗ ನಿನ್ನ ಹೊರಿ ಇಳಸಾಕ ಬಂದಿ. ಇಳಸಬ್ಯಾಡ. ಎತಗೊಂಡು ಹೋಗು. ಇನ್ನ ಮ್ಯಾಲ ಈ ಮನಿಗೆ ಬರಬ್ಯಾಡ."

ನಾನು ಎತ್ತಿಕೊಂಡು ಹೊರಗೆ ಬಂದೆ.

ಪುಣೆಗೆ ಮರಳುವ ಮೊದಲು ಇಳಕಲ್ಲಿಗೆ ಹೋಗಿ ಇಮಾಮಸಾಬನನ್ನು ಕಂಡೆ. ಮುದುಕ, ಕಲ್ಲಿನ ಧೂಳಿನಿಂದ ಕೆಮ್ಮು ಹತ್ತಿತ್ತು. ಅವನಿಗೂ ಹೇಳಿದೆ. ಬೈಯುತ್ತಾನೆಂದುಕೊಂಡೆ, ಬೈಯಲಿಲ್ಲ. ಆ ಕಾಗದವನ್ನು ಓವರಸೀಯರರು ನಂಬಿದರೆಂದು ತಾನೂ ತನ್ನ ಕೈಯನ್ನು ನಂಬುವುದನ್ನು ಬಿಟ್ಟೆ ಎಂದಷ್ಟೇ ಹೇಳಿದ. ಗುಡ್ಡದ ಆಚೆಯ ಬದಿಯಲ್ಲಿ, ಕುರುಬರ ಬೀರಪ್ಪನ ಗುಡಿಯ ಹಿಂದೆ, ಅಂಥವೇ ಕಲ್ಲುಗಳು ಒಂದಿಷ್ಟು ಉಳಿದಿವೆ ಎಂದು ಮರುದಿನ ಕರೆದೊಯ್ದು ತೋರಿಸಿದ. ದಾರಿಯಲ್ಲಿ ನಾನು ಬುತ್ತಿ ಬಿಚ್ಚಿ ಕರೆದಾಗ ದೂರ ಹೋಗಿ ಕೂತ.

ಗುಡ್ಡದ ಈಚೆಯ ಬದಿಯಲ್ಲಿ ಮಾಮಾನ ಕಲ್ಲುಗಳಿದ್ದಲ್ಲಿ ಈಗ ರಸ್ತೆ ಇದೆ. ಅವು ಆ ರಸ್ತೆಯ ಕೆಳಗೇ ಜಲ್ಲಿಯಾಗಿ ಬಿದ್ದಿವೆ.

ನಾನು ಭೂಗರ್ಭ ಇಲಾಖೆಗೆ ಪತ್ರ ಬರೆದಿದ್ದೇನೆ. ಮೊದಲ ಕಾಗದ ಸುಳ್ಳೆಂದೂ, ಬರೆದವನು ತಿಳಿದೇ ಬರೆದನೆಂದೂ, ನಿಜವಾದ ಅಂಕಿಗಳು ಇವೆಂದೂ, ಈ ಕಲ್ಲು ನೀರಿನ ತಳದಲ್ಲಿ ಉಕ್ಕಿದ ಲಾವಾ ಎಂದು ಮೊದಲು ಹೇಳಿದವರು ಹುನಗುಂದದ ಓವರಸೀಯರ್ ಸಂಗಪ್ಪನವರೆಂದೂ ಬರೆದು, ಉಳಿದ ಕಲ್ಲುಗಳಿರುವ ಜಾಗದ ನಕಾಶೆಯನ್ನು ಜೊತೆಗಿಟ್ಟಿದ್ದೇನೆ. ನನ್ನ ಅಂಕಿಗಳನ್ನು ನಂಬದೆ ಬೇರೆಯವರಿಂದ ಹೊಸದಾಗಿ ಪರೀಕ್ಷೆ ಮಾಡಿಸಿರೆಂದೂ ಕೇಳಿದ್ದೇನೆ. ಕಾಲೇಜಿಗೂ ತಿಳಿಸಿದೆ, ಕೆಲಸ ಬಿಟ್ಟೆ. ಇಲಾಖೆಯಿಂದ ಇನ್ನೂ ಉತ್ತರ ಬಂದಿಲ್ಲ. ಬರದಿದ್ದರೆ ಮತ್ತೆ ಬರೆಯುತ್ತೇನೆ.

ಇದನ್ನು ಹೆಸರು ಹಾಕಿಯೇ ಅಚ್ಚಿಗೆ ಕೊಡುತ್ತಿದ್ದೇನೆ. ಅಕ್ಕನಿಗೆ ಓದಲು ಬರುತ್ತದೆ. ಓದುತ್ತಾಳೋ ಇಲ್ಲವೋ ತಿಳಿಯದು. ಹುನಗುಂದಕ್ಕೆ ಹೋಗುವುದನ್ನು ನಾನು ಬಿಟ್ಟಿದ್ದೇನೆ. ಬರಬೇಡ ಎಂದಿದ್ದಾಳೆ. ಅವಳ ಆ ಮಾತನ್ನಾದರೂ ಉಳಿಸಬೇಕು.